ವಾರ್ಡಿನೊಳಗೆ ಬಂದ ನಾಯಿ

ಥೆರಪಿ ಡಾಗ್ ಅನ್ನೋ ಹೆಸರು ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ಆಸ್ಪತ್ರೆಗೋ, ವೃದ್ಧಾಶ್ರಮಕ್ಕೋ, ಪರೀಕ್ಷೆ ಹೊತ್ತಿನಲ್ಲಿ ಕಾಲೇಜಿಗೋ ಒಂದು ಸಾಧು ನಾಯಿಯನ್ನು ಕರೆದುಕೊಂಡು ಬರುತ್ತಾರೆ. ನಾಯಿ ಅಲ್ಲಿ ವಿಶೇಷವಾಗಿ ಏನೂ ಮಾಡುವುದಿಲ್ಲ. ಮಂಚದ ಪಕ್ಕ ಕೂರುತ್ತದೆ, ತಲೆ ಸವರಿಸಿಕೊಳ್ಳುತ್ತದೆ, ಆಮೇಲೆ ಮುಂದಿನ ಮಂಚಕ್ಕೆ ಹೋಗುತ್ತದೆ. ಇಷ್ಟೇ. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೋ ಇಂಥದ್ದೊಂದು ವೀಡಿಯೋ ತೋರಿಸಿದಾಗ ಪಕ್ಕದ ಟೀಮಿನ ಮಹಾಶಯನೊಬ್ಬ "ಅಮೆರಿಕದವರಿಗೆ ದುಡ್ಡು ಹೆಚ್ಚಾಗಿದೆ ಮಾರಾಯ, ಇದೆಲ್ಲ ಈಗ ಬಂದ ಫ್ಯಾಷನ್ನು" ಅಂದ. ಅವನ ಜತೆ ವಾದ ಮಾಡಲು ಊಟದ ಸಮಯ ಸಾಲಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ :)

ಮೊದಲೇ ಒಂದು ಗೊಂದಲ ಬಿಡಿಸಿಬಿಡೋಣ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ ಬೇರೆ, ಇದು ಬೇರೆ. ದಾರಿ ತೋರಿಸುವ ನಾಯಿಗೆ ಕೆಲಸ ಇದೆ, ತರಬೇತಿ ಇದೆ, ಒಬ್ಬನೇ ಯಜಮಾನ ಇದ್ದಾನೆ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗಿನಲ್ಲಿ ಅಂಥ ನಾಯಿಗಳ ಶಾಲೆಯೇ ಶುರುವಾಗಿತ್ತು. ಥೆರಪಿ ನಾಯಿಯ ಕಥೆ ಹಾಗಲ್ಲ. ಅದು ತನಗೆ ಪರಿಚಯವೇ ಇಲ್ಲದ ಜನರ ಹತ್ತಿರ ಹೋಗಿ ಸುಮ್ಮನೆ ಜತೆಗಿರಬೇಕು. ಈ ಸುಮ್ಮನೆ ಜತೆಗಿರುವುದಕ್ಕೆ ಯಾರೂ ಬಹಳ ಕಾಲ ಹೆಸರೇ ಇಟ್ಟಿರಲಿಲ್ಲ. ದಾಖಲೆ ಇರುವ ಮೊದಲ ಥೆರಪಿ ಡಾಗ್ ಅಂತ ಇವತ್ತು ಬಹಳಷ್ಟು ಕಡೆ ಹೆಸರಿಸುವ ನಾಯಿ ಬದುಕಿದ್ದಾಗಲೂ ಯಾರೂ ಅದನ್ನು ಹಾಗೆ ಕರೆದಿರಲಿಲ್ಲ. ಅದರ ಹೆಸರು ಸ್ಮೋಕಿ.

1944ರ ಫೆಬ್ರವರಿ. ಜಾಗ ನ್ಯೂ ಗಿನಿ. ಮ್ಯಾಪಿನಲ್ಲಿ ಆಸ್ಟ್ರೇಲಿಯಾದ ನೆತ್ತಿಯ ಮೇಲೆ ಹಕ್ಕಿ ಕೂತ ಹಾಗೆ ಕಾಣುತ್ತದಲ್ಲ, ಆ ದ್ವೀಪ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾದ ಸೈನ್ಯ ಅಲ್ಲಿ ಜಪಾನಿನವರ ಜತೆ ಹೊಡೆದಾಡುತ್ತಿತ್ತು. ಮಳೆ, ಕೆಸರು, ಸೊಳ್ಳೆ, ಕಾಡು. ಸೈನಿಕರು ಗುಂಡಿನಿಂದ ತಪ್ಪಿಸಿಕೊಳ್ಳಲು ತೋಡಿಕೊಳ್ಳುವ ಗುಂಡಿಯೊಂದರಲ್ಲಿ, ಬಿಟ್ಟುಹೋದ ಗುಂಡಿ ಅದು, ಅಮೆರಿಕದ ಸೈನಿಕನೊಬ್ಬನಿಗೆ ಅಂಗೈ ಮೇಲೆ ಕೂರಿಸಬಹುದಾದಂಥ ನಾಯಿ ಸಿಕ್ಕಿತು. ಯಾರ್ಕ್‌ಶೈರ್ ಟೆರಿಯರ್ ಜಾತಿ. ಎತ್ತರ 7 ಅಂಗುಲ, ತೂಕ 4 ಪೌಂಡು, ಅಂದರೆ ಎರಡು ಕೆ.ಜಿ.ಗೂ ಕಮ್ಮಿ. ಸೀಮಂತಿನಿಯರ ಮಡಿಲಲ್ಲಿ ಕೂರಬೇಕಾದ ಜಾತಿಯ ನಾಯಿ ಆ ಕಾಡಿಗೆ ಹೇಗೆ ಬಂತು ಅನ್ನೋದೇ ಎಲ್ಲರಿಗೂ ಒಗಟು. ಜಪಾನಿಯರದ್ದಿರಬೇಕು ಅಂದುಕೊಂಡು ಸೆರೆಸಿಕ್ಕ ಜಪಾನಿ ಸೈನಿಕರ ಹತ್ತಿರ ಒಯ್ದು ಮಾತಾಡಿಸಿ ನೋಡಿದರಂತೆ. ಜಪಾನಿ ಭಾಷೆಯೂ ಅದಕ್ಕೆ ಅರ್ಥವಾಗಲಿಲ್ಲ, ಇಂಗ್ಲಿಷೂ ಅರ್ಥವಾಗಲಿಲ್ಲ.

ಸಿಕ್ಕಿದವನಿಂದ ಅದು ಇನ್ನೊಬ್ಬನ ಕೈಗೆ ಹೋಯಿತು. ಆ ಇನ್ನೊಬ್ಬನಿಗೆ ಇಸ್ಪೀಟಾಟಕ್ಕೆ ಮರಳಿ ಕೂರಲು ದುಡ್ಡು ಬೇಕಾಗಿತ್ತು. ಎರಡು ಆಸ್ಟ್ರೇಲಿಯನ್ ಪೌಂಡಿಗೆ, ಅಂದಿನ ಲೆಕ್ಕದಲ್ಲಿ ಆರು ಡಾಲರಿಗಿಂತ ಸ್ವಲ್ಪ ಹೆಚ್ಚು, ಅದನ್ನು ಬಿಲ್ ವಿನ್ ಎಂಬ ಕಾರ್ಪೊರಲ್‌ಗೆ ಮಾರಿದ. ವಿನ್ ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನವನು, ಇಪ್ಪತ್ತೆರಡರ ಆಸುಪಾಸಿನ ಹುಡುಗ, ವಾಯುಪಡೆಯ ಫೋಟೋ ತೆಗೆಯುವ ತುಕಡಿಯಲ್ಲಿದ್ದ. ಶತ್ರುವಿನ ನೆಲದ ಮೇಲೆ ಹಾರಿ ಫೋಟೋ ತೆಗೆದು ತರುವುದು ಆ ತುಕಡಿಯ ಕೆಲಸ.

ಯುದ್ಧದ ನಾಯಿಗಳಿಗೆ ಸೈನ್ಯದ ಕಡೆಯಿಂದ ಊಟ, ಔಷಧಿ ಎಲ್ಲ ಸಿಗುತ್ತದೆ. ಸ್ಮೋಕಿ ಅಧಿಕೃತ ಯುದ್ಧನಾಯಿ ಅಲ್ಲ, ಹಾಗಾಗಿ ಅದಕ್ಕೆ ಅದ್ಯಾವುದೂ ಇಲ್ಲ. ವಿನ್ ತನ್ನ ಪಾಲಿನ ಡಬ್ಬಿ ಊಟದಲ್ಲೇ ಅದಕ್ಕೂ ಹಾಕುತ್ತಿದ್ದ. ಸ್ನಾನ ಅವನ ಹೆಲ್ಮೆಟ್ಟಿನಲ್ಲಿ. ಮಲಗೋದು ಅವನ ಟೆಂಟಿನಲ್ಲಿ, ಇಸ್ಪೀಟು ಮೇಜಿಗೆ ಹಾಸುವ ಹಸಿರು ಬಟ್ಟೆಯನ್ನು ಕಂಬಳಿ ಮಾಡಿಕೊಂಡು. ಬೇಜಾರು ಕಳೆಯಲು ವಿನ್ ಅದಕ್ಕೆ ಆಟ ಕಲಿಸಿದ. ಸತ್ತಂತೆ ಬೀಳೋದು, ತಂತಿ ಮೇಲೆ ನಡೆಯೋದು, ನೆಲದ ಮೇಲಿಟ್ಟ ಅಕ್ಷರಗಳನ್ನು ಒಂದೊಂದೇ ಆರಿಸಿ ತನ್ನ ಹೆಸರನ್ನೇ ಬರೆಯೋದು. ಪುಟ್ಟ ಪ್ಯಾರಾಚೂಟ್ ಕಟ್ಟಿ ಮರದ ಮೇಲಿಂದ ಇಳಿಸಿದ್ದೂ ಇದೆ (ಇದು ನನಗೆ ಅಷ್ಟು ಇಷ್ಟವಾಗಲಿಲ್ಲ, ಆದರೆ ಆ ಹುಡುಗರ ವಯಸ್ಸು ನೋಡಿ ಸುಮ್ಮನಾಗಬೇಕು). 12 ಸಲ ವಿಮಾನದಲ್ಲಿ ಕಾರ್ಯಾಚರಣೆಗೆ ಹೋಗಿ ಬಂತು, 150 ವಾಯುದಾಳಿ ಕಂಡು ಬದುಕಿತು. 1944ರಲ್ಲಿ ಸೈನಿಕರ ಪತ್ರಿಕೆಯೊಂದು ನಡೆಸಿದ ಮುದ್ದುಪ್ರಾಣಿಗಳ ಸ್ಪರ್ಧೆಯಲ್ಲಿ ಅದಕ್ಕೇ ಮೊದಲ ಬಹುಮಾನ.

ಸ್ಮೋಕಿ ಬಗ್ಗೆ ಬರೆಯುವವರೆಲ್ಲ ಇಲ್ಲಿ ನಿಂತು ಒಂದು ಸಾಹಸ ಹೇಳಿಯೇ ಮುಂದೆ ಹೋಗೋದು. ನಾನೂ ಹೇಳುತ್ತೇನೆ, ಯಾಕೆಂದರೆ ಇಂಜಿನಿಯರಿಂಗ್ ದೃಷ್ಟಿಯಿಂದ ಬಹಳ ಚೆನ್ನಾಗಿದೆ. 1945ರ ಜನವರಿಯಲ್ಲಿ ಫಿಲಿಪ್ಪೀನ್ಸಿನ ಲುಜಾನ್ ದ್ವೀಪದ ಲಿಂಗಾಯೆನ್ ಎಂಬಲ್ಲಿ ಹೊಸ ವಿಮಾನ ನಿಲ್ದಾಣ. ಮೂರು ತುಕಡಿಗಳಿಗೆ ಟೆಲಿಫೋನ್ ತಂತಿ ಎಳೆಯಬೇಕು, ನಡುವೆ ವಿಮಾನ ಓಡಾಡುವ ದಾರಿ. ಅದರ ಅಡಿಯಲ್ಲಿ 70 ಅಡಿ ಉದ್ದದ ಮೋರಿ ಪೈಪು ಇದೆ, ಆದರೆ ಅಗಲ 8 ಅಂಗುಲ ಮಾತ್ರ. ಕೀಲುಗಳ ಸಂದಿಯಿಂದ ಮಣ್ಣು ಸುರಿದು ಕೆಲವು ಕಡೆ ಅರ್ಧಕ್ಕರ್ಧ ತುಂಬಿಹೋಗಿತ್ತು. ಅಗೆದು ತಂತಿ ಹಾಕಲು ಮೂರು ದಿನ ಬೇಕು, ಅಷ್ಟು ದಿನ 40 ವಿಮಾನಗಳನ್ನು ಬಯಲಲ್ಲಿ ನಿಲ್ಲಿಸಿ ಬಾಂಬಿಗೆ ಒಡ್ಡಬೇಕು. ವಿನ್ ಸ್ಮೋಕಿಯ ಕೊರಳಪಟ್ಟಿಗೆ ದಾರ ಕಟ್ಟಿಸಿ, ತಾನು ಪೈಪಿನ ಆ ತುದಿಗೆ ಹೋಗಿ ಕೂತು ಕರೆದ. ಸ್ವಲ್ಪ ದೂರ ಬಂದು ವಾಪಸು ತಿರುಗಿತಂತೆ. ಮತ್ತೆ ಕರೆದ. ದಾರ ಎಲ್ಲೋ ಸಿಕ್ಕಿಹಾಕಿಕೊಂಡು ಬಿಟ್ಟುಕೊಂಡಿತು. ಕತ್ತಲಲ್ಲಿ ಕಡೆಗೆ ಎರಡು ಸಣ್ಣ ಕಣ್ಣು ಕಂಡವು. ಒಟ್ಟು ಎರಡು ನಿಮಿಷದ ಕೆಲಸ. ಆ ದಾರಕ್ಕೆ ತಂತಿ ಕಟ್ಟಿ ಎಳೆದರು, ಕೆಲಸ ಮುಗಿಯಿತು.

ಸರಿ, ಸಾಹಸ ಮುಗಿಯಿತು. ನನಗೆ ಮುಖ್ಯ ಅನ್ನಿಸಿದ್ದು ಇದಕ್ಕೂ ಆರು ತಿಂಗಳು ಹಿಂದಿನದು.

1944ರ ಜುಲೈಯಲ್ಲಿ ವಿನ್‌ಗೆ ಡೆಂಗೆ ಜ್ವರ ಬಂತು. ಡೆಂಗೆ ಬಂದವರಿಗೆ ಗೊತ್ತು, ಮೈಯ ಒಂದೊಂದು ಮೂಳೆಯನ್ನೂ ಯಾರೋ ಬಿಚ್ಚಿ ಜೋಡಿಸಿದ ಹಾಗಾಗುತ್ತದೆ. ನ್ಯೂ ಗಿನಿಯ ಸೈನ್ಯದ ಆಸ್ಪತ್ರೆಗೆ ಸೇರಿಸಿದರು. ಗೆಳೆಯರು ಅವನನ್ನು ನೋಡಲು ಬರುವಾಗ ಸ್ಮೋಕಿಯನ್ನೂ ಎತ್ತಿಕೊಂಡು ಬಂದರು. ಅದನ್ನು ಕಂಡ ನರ್ಸುಗಳು ಬೇರೆ ರೋಗಿಗಳಿಗೂ ತೋರಿಸುತ್ತೇವೆ ಕೊಡಿ ಅಂದರು. ಆಗ ಬಿಯಾಕ್ ಎಂಬ ದ್ವೀಪದಲ್ಲಿ ಘೋರ ಕಾಳಗ ನಡೆದಿತ್ತು, ಅಲ್ಲಿ ಗಾಯಗೊಂಡವರು ಈ ಆಸ್ಪತ್ರೆಗೆ ಬರುತ್ತಿದ್ದರು. ಕೈ ಹೋದವರು, ಕಾಲು ಹೋದವರು, ಮಾತು ನಿಂತವರು. ಎಲ್ಲ ವಿನ್ ವಯಸ್ಸಿನ ಹುಡುಗರೇ.

ಆಸ್ಪತ್ರೆಯ ಹೊಣೆ ಹೊತ್ತಿದ್ದವರು ಡಾ. ಚಾರ್ಲ್ಸ್ ಮೇಯೋ. ಹೌದು, ಅದೇ ಮೇಯೋ ಕ್ಲಿನಿಕ್ ಮನೆತನದವರು. ಯುದ್ಧಗಾಯ ತೆರೆದುಕೊಂಡು ಮಲಗಿದವರ ವಾರ್ಡಿಗೆ ಕಾಡಲ್ಲಿ ಸಿಕ್ಕ ನಾಯಿಯನ್ನು ಬಿಡುವುದೋ ಬೇಡವೋ ಅನ್ನೋದು ಅವರ ತೀರ್ಮಾನ. ಬೇಡ ಅನ್ನಲು ಅವರಿಗೆ ನೂರು ಕಾರಣಗಳಿದ್ದವು, ಎಲ್ಲವೂ ವೈದ್ಯಶಾಸ್ತ್ರದ ಪ್ರಕಾರ ಸರಿಯೇ. ಅವರು ಬಿಡಿ ಅಂದರು. ರಾತ್ರಿ ವಿನ್ ಮಂಚದ ಮೇಲೆ ಅವನ ಜತೆ ಮಲಗಲಿಕ್ಕೂ ಒಪ್ಪಿದರು. ಬೆಳಗಾದರೆ ನರ್ಸುಗಳು ಬಂದು ಎತ್ತಿಕೊಂಡು ಹೋಗೋದು, ದಿನವಿಡೀ ವಾರ್ಡು ಸುತ್ತಿಸಿ ಸಂಜೆ ತಂದು ಬಿಡೋದು.

ಈ ಇಡೀ ಇತಿಹಾಸ ಓದುತ್ತಾ ಹೋದ ಹಾಗೆ ನನಗೆ ಹೊಳೆದದ್ದು ಇದೇ. ನಾಯಿಗೆ ಈ ಗುಣ ಇದೆ ಅಂತ ಯಾರೂ ಕಂಡುಹಿಡಿಯಬೇಕಾಗಿರಲಿಲ್ಲ, ಹಳ್ಳಿಯ ಮಕ್ಕಳಿಗೂ ಅದು ಗೊತ್ತು. ನಿಜವಾಗಿ ಬೇಕಾಗಿದ್ದದ್ದು ಕುರ್ಚಿಯಲ್ಲಿ ಕೂತ ಯಾರಾದರೊಬ್ಬರು "ಇರಲಿ, ಒಳಗೆ ಬರಲಿ" ಅನ್ನೋದು. ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಹಾಗೆ ಅಂದಿದ್ದಾರೆ, ನಡುನಡುವೆ ಬಾಗಿಲು ಮುಚ್ಚಿಯೂ ಇದೆ.

ಹಿಂದಕ್ಕೆ ಹೋಗೋಣ. ಇಂಗ್ಲೆಂಡಿನ ಯಾರ್ಕ್ ಊರು, 1790. ಅಲ್ಲಿಯ ಹುಚ್ಚಾಸ್ಪತ್ರೆಯಲ್ಲಿ (ಆ ಕಾಲದ ಮಾತಲ್ಲೇ ಹೇಳುತ್ತಿದ್ದೇನೆ) ಹ್ಯಾನಾ ಮಿಲ್ಸ್ ಎಂಬ ಕ್ವೇಕರ್ ಪಂಥದ ಹೆಂಗಸು ಸತ್ತಳು. ಅವಳ ಪಂಥದವರು ನೋಡಲು ಹೋದರೆ ಒಳಗೆ ಬಿಟ್ಟಿರಲಿಲ್ಲ. ಆಗೆಲ್ಲ ಮನೋರೋಗಿಗಳನ್ನು ಸರಪಳಿ ಹಾಕಿ ಕೂಡಿಹಾಕುವುದೇ ಚಿಕಿತ್ಸೆ. ಈ ಸಾವಿನಿಂದ ನೊಂದ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ ತನ್ನ ಪಂಥದವರನ್ನು ಸೇರಿಸಿ ಚಂದಾ ಎತ್ತಿ 1796ರಲ್ಲಿ ಯಾರ್ಕ್ ರಿಟ್ರೀಟ್ ಎಂಬ ಮನೆ ತೆರೆದ. ಸರಪಳಿ ಇಲ್ಲ, ಹೊಡೆತ ಇಲ್ಲ, ತೋಟದ ಕೆಲಸ, ನಡಿಗೆ, ಒಳ್ಳೆ ಮಾತು. ಅವನ ಮೊಮ್ಮಗ ಸ್ಯಾಮ್ಯುಯೆಲ್ ಟ್ಯೂಕ್ 1813ರಲ್ಲಿ ಬರೆದ ಪುಸ್ತಕದಲ್ಲಿ ಅಲ್ಲಿಯ ಅಂಗಳಗಳಲ್ಲಿ ಮೊಲ, ಕೋಳಿ, ಕಡಲಹಕ್ಕಿ, ಗಿಡುಗ ಎಲ್ಲ ಇದ್ದದ್ದನ್ನು ದಾಖಲಿಸಿದ್ದಾನೆ. ರೋಗಿಗಳಿಗೆ ಅವುಗಳ ಸಹವಾಸದಿಂದ ಮನಸ್ಸಿನಲ್ಲಿ ದಯೆ ಮೂಡುತ್ತದೆ ಅನ್ನೋದು ಅವನ ನಂಬಿಕೆ. ಗಮನಿಸಿ, ಪ್ರಾಣಿ ಇವರಿಗೆ ದಯೆ ತೋರಿಸಲಿ ಅಂತಲ್ಲ, ಇವರು ಪ್ರಾಣಿಗೆ ತೋರಿಸಲಿ ಅಂತ. ಎಲ್ಲರಿಂದ ನೋಡಿಕೊಳ್ಳಿಸಿಕೊಂಡೇ ಸಾಕಾಗಿಹೋದ ಮನುಷ್ಯನಿಗೆ ತಾನೂ ಒಂದು ಜೀವವನ್ನು ನೋಡಿಕೊಳ್ಳಬಲ್ಲೆ ಅನ್ನಿಸೋದಿದೆಯಲ್ಲ, ಅದನ್ನು ಇನ್ನೂರು ವರ್ಷದ ಹಿಂದೆ ಒಬ್ಬ ವ್ಯಾಪಾರಿಯ ಮನೆಯವರು ಹಿಡಿದಿದ್ದರು.

ಆಮೇಲೆ ನಮ್ಮ ಫ್ಲಾರೆನ್ಸ್ ನೈಟಿಂಗೇಲ್. ಕೈಯಲ್ಲಿ ದೀಪ ಹಿಡಿದ ಆಕೆಯ ಚಿತ್ರ ಶಾಲೆಯ ಪುಸ್ತಕದಿಂದ ನಿಮಗೂ ನೆನಪಿರುತ್ತದೆ. ಆಕೆಯ ಜೇಬಿನಲ್ಲಿ ಗೂಬೆ ಇರುತ್ತಿತ್ತು ಅಂತ ಮಾತ್ರ ನಮ್ಮ ಮೇಷ್ಟ್ರು ಹೇಳಲಿಲ್ಲ! 1850ರಲ್ಲಿ ಗ್ರೀಸಿನ ಅಥೆನ್ಸಿನಲ್ಲಿ ಹುಡುಗರ ಕೈಯಿಂದ ಬಿಡಿಸಿಕೊಂಡು ತಂದ ಮರಿಗೂಬೆ, ಹೆಸರು ಅಥೀನಾ. ನರ್ಸಿಂಗ್ ಬಗ್ಗೆ ಆಕೆ ಬರೆದು ಪ್ರಕಟವಾದ ಪ್ರಸಿದ್ಧ ಪುಸ್ತಕದಲ್ಲಿ, ಬಹಳ ದಿನದಿಂದ ಮಲಗಿದ ರೋಗಿಗಳಿಗೆ ಒಂದು ಸಣ್ಣ ಸಾಕುಪ್ರಾಣಿ ಒಳ್ಳೆಯ ಜತೆ ಅನ್ನೋ ಅರ್ಥದ ಮಾತಿದೆ. ಸ್ವಚ್ಛತೆಯ ವಿಷಯದಲ್ಲಿ ಆಕೆ ಎಷ್ಟು ಕಟ್ಟುನಿಟ್ಟು ಅನ್ನೋದು ಗೊತ್ತಿದ್ದರೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಅಲ್ಲಿಂದ ಮುಂದೆ ಬಾಗಿಲು ಮುಚ್ಚಿತು. ಕಾರಣ ಕೆಟ್ಟದ್ದೇನಲ್ಲ. 19ನೇ ಶತಮಾನದ ಕೊನೆಗೆ ಪಾಶ್ಚರ್, ಕಾಖ್ ಇವರ ಕೆಲಸದಿಂದ ರೋಗ ತರುವುದು ಕ್ರಿಮಿಗಳು ಅಂತ ಖಚಿತವಾಯಿತು. ಆಸ್ಪತ್ರೆ ಅಂದರೆ ಬಿಳಿ ಗೋಡೆ, ಕುದಿಸಿದ ಉಪಕರಣ, ಫಿನೈಲಿನ ವಾಸನೆ ಆಯಿತು. ಲಕ್ಷಾಂತರ ಜನ ಇದರಿಂದ ಬದುಕಿದರು. ಪ್ರಾಣಿಗಳು ಗೇಟಿನ ಹೊರಗೆ ಉಳಿದವು.

ಹಾಗಾಗಿ ಡಾ. ಮೇಯೋ 1944ರಲ್ಲಿ ಬಿಡಿ ಅಂದದ್ದು ಸಣ್ಣ ವಿಷಯ ಅಲ್ಲ. ಯುದ್ಧಕಾಲದಲ್ಲಿ ಆ ಗೇಟು ಬೇರೆ ಕಡೆಯೂ ಸ್ವಲ್ಪ ತೆರೆದಿತ್ತು. ನ್ಯೂಯಾರ್ಕ್ ರಾಜ್ಯದ ಪಾಲಿಂಗ್ ಎಂಬಲ್ಲಿ ವಾಯುಪಡೆಯ ಗಾಯಾಳುಗಳು ಚೇತರಿಸಿಕೊಳ್ಳುವ ಆಸ್ಪತ್ರೆ ಇತ್ತು, ಅಲ್ಲಿ ದನ, ಕುದುರೆ, ಕೋಳಿಗಳ ಜತೆ ಕೆಲಸ ಮಾಡಲು ರೋಗಿಗಳಿಗೆ ಅವಕಾಶ ಕೊಟ್ಟಿದ್ದರು. ಯುದ್ಧ ಮುಗಿಯಿತು, ಅದೂ ಮುಗಿಯಿತು.

ಆದರೆ ಸ್ಮೋಕಿಯ ಕೆಲಸ ಮುಗಿಯಲಿಲ್ಲ. ವಿನ್ ಊರಿಗೆ ಹೊರಟಾಗ ನಾಯಿ ಒಯ್ಯಲು ಅನುಮತಿ ಸಿಗುವಂತಿರಲಿಲ್ಲ. ಆಕ್ಸಿಜನ್ ಮಾಸ್ಕ್ ಇಡುವ ಚೀಲದಲ್ಲಿ ಬಚ್ಚಿಟ್ಟು ಹಡಗು ಹತ್ತಿಸಿದ. ಕ್ಲೀವ್‌ಲ್ಯಾಂಡಿನ ಪತ್ರಿಕೆಯಲ್ಲಿ 1945ರ ಡಿಸೆಂಬರಿನಲ್ಲಿ ಮುಖಪುಟದ ಸುದ್ದಿಯಾಯಿತು. ಆಮೇಲೆ ಟೀವಿಯಲ್ಲೂ ಬಂತು, ಒಂದು ಆಟವನ್ನು ಎರಡನೇ ಸಲ ತೋರಿಸದೆ 42 ಕಾರ್ಯಕ್ರಮ ಕೊಟ್ಟಿತಂತೆ. ಇವೆಲ್ಲದರ ನಡುವೆ ವಿನ್ ಅದನ್ನು ಯುದ್ಧದಿಂದ ಬಂದವರ ಆಸ್ಪತ್ರೆಗಳಿಗೆ ಕರೆದುಕೊಂಡು ಹೋಗುತ್ತಲೇ ಇದ್ದ. ನ್ಯೂ ಗಿನಿಯಿಂದ ಲೆಕ್ಕ ಹಾಕಿದರೆ 12 ವರ್ಷ.

ಇದನ್ನು ವಿದ್ಯಾವಂತರ ಸಭೆಯಲ್ಲಿ ಹೇಳುವ ಧೈರ್ಯ ಮಾಡಿದವರು ಬೋರಿಸ್ ಲೆವಿನ್‌ಸನ್. ನ್ಯೂಯಾರ್ಕಿನ ಯೆಶಿವಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು, ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿದ್ದವರು. ಯಾರ ಜತೆಯೂ ಬೆರೆಯದೆ ತನ್ನೊಳಗೇ ಮುದುಡಿಕೊಂಡಿದ್ದ ಹುಡುಗನೊಬ್ಬನನ್ನು ತಾಯಿತಂದೆ ಹೇಳಿದ ಹೊತ್ತಿಗಿಂತ ಮುಂಚೆಯೇ ಕರೆತಂದುಬಿಟ್ಟರು. ಲೆವಿನ್‌ಸನ್ ಅವರ ನಾಯಿ ಜಿಂಗಲ್ಸ್ ಅಲ್ಲೇ ಕೋಣೆಯಲ್ಲಿತ್ತು. ನಾಯಿ ಓಡಿಹೋಗಿ ಹುಡುಗನ ಮುಖ ನೆಕ್ಕಿತು. ಹುಡುಗ ಹೆದರಲಿಲ್ಲ, ಅಪ್ಪಿಕೊಂಡ. ಎಷ್ಟೋ ಭೇಟಿಗಳವರೆಗೆ ಅವನು ಆಡಿದ್ದೆಲ್ಲ ನಾಯಿಯ ಜತೆ, ಡಾಕ್ಟರು ಅಲ್ಲಿದ್ದಾರೆ ಅನ್ನೋದೇ ಅವನಿಗೆ ಲೆಕ್ಕಕ್ಕಿಲ್ಲ. ಬರುತ್ತಾ ಬರುತ್ತಾ ನಾಯಿಯ ಮೇಲಿನ ವಿಶ್ವಾಸದಲ್ಲಿ ಒಂದು ಪಾಲು ಅದರ ಯಜಮಾನನಿಗೂ ಸಿಕ್ಕಿತು.

ಇದನ್ನು ಅವರು 1961ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಮ್ಮೇಳನದಲ್ಲಿ ಓದಿದರು. ಸಭೆಯಲ್ಲಿ ನಗು. ಫೀಸಿನಲ್ಲಿ ನಾಯಿಗೆ ಎಷ್ಟು ಪಾಲು ಅಂತ ಕೇಳಿದವರೂ ಇದ್ದರಂತೆ. ನಮ್ಮ ಪಕ್ಕದ ಟೀಮಿನ ಮಹಾಶಯ ಹೊಸದೇನೂ ಹೇಳಿಲ್ಲ ನೋಡಿ. ಮರುವರ್ಷ ಅದು ಲೇಖನವಾಗಿ ಅಚ್ಚಾಯಿತು, 1969ರಲ್ಲಿ ಪುಸ್ತಕವೂ ಬಂತು. ಇವತ್ತು ಈ ಕ್ಷೇತ್ರದ ಪಿತಾಮಹ ಅಂತ ಅವರನ್ನೇ ಕರೆಯುತ್ತಾರೆ.

ನಕ್ಕವರಿಗೆ ತಮ್ಮ ಗುರುವಿನ ಗುರುವೇ ನಾಯಿ ಪಕ್ಕದಲ್ಲಿ ಇಟ್ಟುಕೊಂಡಿದ್ದದ್ದು ನೆನಪಿರಲಿಲ್ಲವೇನೋ. ವಿಯೆನ್ನಾದಲ್ಲಿ ಫ್ರಾಯ್ಡ್ 1930ರ ದಶಕದಲ್ಲಿ ರೋಗಿಗಳ ಜತೆ ಮಾತಾಡುವಾಗ ಜೋಫಿ ಎಂಬ ಚೌ ಜಾತಿಯ ಹೆಣ್ಣುನಾಯಿ ಅದೇ ಕೋಣೆಯಲ್ಲಿ ಮಲಗಿರುತ್ತಿತ್ತು. ಗಂಟೆ ಮುಗಿಯುತ್ತಿದ್ದಂತೆ ಎದ್ದು ಆಕಳಿಸುತ್ತಿತ್ತು, ಗಡಿಯಾರ ನೋಡುವ ಕೆಲಸವೇ ಇರಲಿಲ್ಲ ಅಂತ ಮಗ ಮಾರ್ಟಿನ್ ನೆನಪಿಸಿಕೊಂಡಿದ್ದಾನೆ. ಎಚ್. ಡಿ. ಎಂಬ ಹೆಸರಲ್ಲಿ ಬರೆಯುತ್ತಿದ್ದ ಅಮೆರಿಕದ ಕವಯಿತ್ರಿ ಹಿಲ್ಡಾ ಡೂಲಿಟಲ್ ಅಲ್ಲಿಗೆ ಹೋದ ಮೊದಲ ದಿನ ಫ್ರಾಯ್ಡ್ ಮುಟ್ಟಬೇಡಿ, ಅಪರಿಚಿತರಿಗೆ ಕಚ್ಚುತ್ತದೆ ಅಂತ ಎಚ್ಚರಿಸಿದ್ದರು. ಆಕೆ ಮುಟ್ಟಿಯೇಬಿಟ್ಟರು. ನಾಯಿ ಮೂತಿ ತಂದು ಅವರ ಕೈಯಲ್ಲಿಟ್ಟಿತು. ಮನಸ್ಸು ಓದುವುದನ್ನೇ ಕಸುಬು ಮಾಡಿಕೊಂಡವರ ಭವಿಷ್ಯವಾಣಿ ಅವರ ಮನೆಯಲ್ಲೇ ಸುಳ್ಳಾಯಿತು :)

1970ರ ದಶಕದಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ಯುಯೆಲ್ ಕಾರ್ಸನ್, ಎಲಿಜಬೆತ್ ಕಾರ್ಸನ್ ದಂಪತಿ ಪ್ರಯೋಗಕ್ಕಾಗಿ ನಾಯಿ ಸಾಕಿದ್ದರು. ಹತ್ತಿರದ ಮನೋರೋಗ ವಾರ್ಡಿನ ರೋಗಿಗಳಿಗೆ ಅವುಗಳ ಬೊಗಳು ಕೇಳಿಸುತ್ತಿತ್ತು. ಮಾತೇ ಆಡದವರು ನಾಯಿ ನೋಡಬಹುದಾ ಅಂತ ಬಾಯಿ ಬಿಟ್ಟರು. ಕಾರ್ಸನ್ ದಂಪತಿ ಮೂಲ ಪ್ರಯೋಗ ಬಿಟ್ಟು ಇದರ ಹಿಂದೆ ಬಿದ್ದರು. ಬೇರೆ ಚಿಕಿತ್ಸೆ ನಾಟದ 50 ರೋಗಿಗಳಲ್ಲಿ ಮೂವರನ್ನು ಬಿಟ್ಟು ಉಳಿದವರಿಗೆ ಅನುಕೂಲವಾಯಿತು ಅಂತ ವರದಿ ಮಾಡಿದರು. 1976ರಲ್ಲಿ ಎಲೇನ್ ಸ್ಮಿತ್ ಎಂಬ ನರ್ಸ್ ನ್ಯೂಜೆರ್ಸಿಯಲ್ಲಿ ಥೆರಪಿ ಡಾಗ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಕಟ್ಟಿದರು. ಇಂಗ್ಲೆಂಡಿನಲ್ಲಿ ಕೆಲಸ ಮಾಡುವಾಗ ಪಾದ್ರಿಯೊಬ್ಬರು ತಮ್ಮ ಗೋಲ್ಡನ್ ರಿಟ್ರೀವರ್ ಜತೆ ವಾರ್ಡಿಗೆ ಬರುತ್ತಿದ್ದದ್ದನ್ನು, ರೋಗಿಗಳ ಮುಖ ಅರಳುತ್ತಿದ್ದದ್ದನ್ನು ಆಕೆ ಕಂಡಿದ್ದರು. ಇಲ್ಲೂ ಮತ್ತೆ ನರ್ಸೇ.

ಸಂಖ್ಯೆ ಬೇಕು ಅನ್ನುವವರಿಗೆ ಎರಿಕಾ ಫ್ರೀಡ್‌ಮನ್ 1980ರಲ್ಲಿ ಪ್ರಕಟಿಸಿದ ಅಧ್ಯಯನ. ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿ ಮನೆಗೆ ಹೋದ 92 ಜನ. ಒಂದು ವರ್ಷದ ನಂತರ ನೋಡಿದರೆ, ಸಾಕುಪ್ರಾಣಿ ಇದ್ದ 53 ಜನರಲ್ಲಿ ಸತ್ತವರು 3, ಇಲ್ಲದ 39 ಜನರಲ್ಲಿ ಸತ್ತವರು 11. ಓದಿದ ತಕ್ಷಣ ಮೈ ಜುಮ್ಮೆನ್ನುತ್ತದೆ. ಆದರೆ ನಮ್ಮ ಕಸುಬಿನವರು ಇಲ್ಲಿ ಸ್ವಲ್ಪ ತಡೆಯಬೇಕು. 92 ಅನ್ನೋದು ಸಣ್ಣ ಸ್ಯಾಂಪಲ್. ನಂತರದ ಎಲ್ಲ ಅಧ್ಯಯನಗಳಲ್ಲೂ ಇದೇ ಉತ್ತರ ಬಂದಿಲ್ಲ. ಮೈಯಲ್ಲಿ ಶಕ್ತಿ ಇದ್ದವರೇ ನಾಯಿ ಸಾಕಿರಬಹುದು. ಮೇಲಾಗಿ ಮನೆಯ ನಾಯಿ ಬೇರೆ, ವಾರಕ್ಕೊಮ್ಮೆ ಬಂದು ಹೋಗುವ ನಾಯಿ ಬೇರೆ. 2015ರಲ್ಲಿ ಜಪಾನಿನ ವಿಜ್ಞಾನಿಗಳು ನಾಯಿ ಮತ್ತು ಯಜಮಾನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಹೆಚ್ಚುತ್ತದೆ ಅಂತ ತೋರಿಸಿದರು. ತಾಯಿ ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನು ಅದು. ಅದೂ ಪರಿಚಯದ ನಾಯಿಯ ಮಾತೇ. ನಾಯಿ ರೋಗ ವಾಸಿ ಮಾಡುತ್ತದೆ ಅಂತ ನಾನು ಹೇಳಲಾರೆ. ರೋಗಿಯ ಒಂದು ಮಧ್ಯಾಹ್ನವನ್ನು ಸಹ್ಯ ಮಾಡುತ್ತದೆ ಅನ್ನೋದಕ್ಕೆ ಯಾವ ಅಂಕಿಸಂಖ್ಯೆಯೂ ಬೇಡ ಅನ್ನಿಸುತ್ತದೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಮ್ಮ ಅಜ್ಜನಿಗೆ ಸ್ಟ್ರೋಕ್ ಆಗಿ ಬಲಗೈ ಮತ್ತು ಮಾತು ಎರಡೂ ಹೋಗಿತ್ತು. ಊರಿಂದ ಪೇಟೆಯ ದೊಡ್ಡ ಆಸ್ಪತ್ರೆಗೆ ತಂದಿದ್ದೆವು. ಅಜ್ಜನದ್ದು ಒಂದು ಅಭ್ಯಾಸ, ಜಗಲಿಯಲ್ಲಿ ಕೂತಾಗ ಎಡಗೈ ಕೆಳಗೆ ಇಳಿಬಿಟ್ಟಿರುತ್ತಿದ್ದ, ಅಲ್ಲಿ ಕರಿಯ ಮಲಗಿರುತ್ತಿತ್ತು. ಆಸ್ಪತ್ರೆಯ ಮಂಚದಿಂದಲೂ ಎಡಗೈ ಹಾಗೇ ಕೆಳಗೆ ಇಳಿದು ಗಾಳಿಯಲ್ಲಿ ಏನನ್ನೋ ತಡವುತ್ತಿತ್ತು. ನರ್ಸ್ ಬಂದು ಕೈ ಎತ್ತಿ ಮೇಲಿಟ್ಟರೆ ಅರ್ಧ ಗಂಟೆಯಲ್ಲಿ ಮತ್ತೆ ಕೆಳಗೆ. ಅಜ್ಜಿಗೆ ಮಾತ್ರ ಅರ್ಥವಾಯಿತು, "ಕರಿಯನ್ನ ಹುಡುಕ್ತಿದಾರೆ ಕಣೋ" ಅಂದಳು. ಕರಿಯನನ್ನು ತರುವ ಮಾತೇ ಇಲ್ಲ, ಗೇಟಿನಲ್ಲಿ ನಮ್ಮನ್ನೇ ಇಬ್ಬರಿಗಿಂತ ಹೆಚ್ಚು ಬಿಡುತ್ತಿರಲಿಲ್ಲ. ಚಿಕ್ಕಪ್ಪ ಊರಲ್ಲಿ ಕರಿಯನಿಗೆ ಅನ್ನ ಹಾಕುವ ಹೊತ್ತಿಗೆ ಅದರ ಗಲಾಟೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ. ಅಜ್ಜನ ಕಿವಿಗೆ ಹಿಡಿದೆ. ಬಾಯಿಯ ಒಂದು ಪಕ್ಕ ಮಾತ್ರ ನಕ್ಕಿತು. ಮೂರು ವಾರದ ಮೇಲೆ ಮನೆಗೆ ಹೋದೆವು. ಕಾರಿನ ಬಾಗಿಲು ತೆಗೆದಾಗ ಕರಿಯ ಮಾಡಿದ ರಂಪ ಬರೆಯಲು ಹೋಗುವುದಿಲ್ಲ, ನಾಯಿ ಸಾಕಿದವರಿಗೆ ಬರೆಯಬೇಕಾಗಿಲ್ಲ, ಸಾಕದವರಿಗೆ ಬರೆದರೂ ಪ್ರಯೋಜನವಿಲ್ಲ.

ಆ ಗೇಟಿನವನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ದೇಶದಲ್ಲಿ ನಾಯಿ ಅಂದರೆ ಮೊದಲು ನೆನಪಾಗೋದು ಹುಚ್ಚುನಾಯಿ ಕಡಿತ, ಜಗತ್ತಿನಲ್ಲಿ ರೇಬಿಸ್‌ನಿಂದ ಸಾಯುವವರಲ್ಲಿ ದೊಡ್ಡ ಪಾಲು ನಮ್ಮಲ್ಲೇ. ಹೊರದೇಶದಲ್ಲೂ ಕಂಡ ಕಂಡ ನಾಯಿಯನ್ನು ಬಿಡುವುದಿಲ್ಲ. ಲಸಿಕೆ ಆಗಿರಬೇಕು, ಭೇಟಿಗೆ ಮುಂಚೆ ಸ್ನಾನ ಆಗಿರಬೇಕು, ಉಗುರು ಕತ್ತರಿಸಿರಬೇಕು, ಮುಟ್ಟಿದವರು ಕೈ ತೊಳೆಯಬೇಕು. ಅದರ ಸ್ವಭಾವವನ್ನೂ ಪರೀಕ್ಷೆ ಮಾಡುತ್ತಾರೆ, ಹಿಂದಿನಿಂದ ಸ್ಟೀಲ್ ತಟ್ಟೆ ಬಿದ್ದರೆ, ಯಾರಾದರೂ ಗಟ್ಟಿಯಾಗಿ ಅಪ್ಪಿಕೊಂಡರೆ, ವೀಲ್‌ಚೇರ್ ಪಕ್ಕದಲ್ಲಿ ಹಾದುಹೋದರೆ ಏನು ಮಾಡುತ್ತದೆ ಅಂತ. ಇನ್ನೊಂದು ನಿಯಮ ನನಗೆ ಹಿಡಿಸಿತು. ದಿನಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ನೋವು ತುಂಬಿದ ಕೋಣೆಯಲ್ಲಿ ಕೂತು ನಾಯಿಯೂ ದಣಿಯುತ್ತದೆ. ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸುವುದು ಶುರುವಾದರೆ ಕರೆದುಕೊಂಡವರು ಎದ್ದು ಹೊರಡಬೇಕು. (ಹಾಗಾದರೆ ಜೋಫಿ ಆಕಳಿಸುತ್ತಿದ್ದದ್ದು ಗಡಿಯಾರದ ಜ್ಞಾನದಿಂದಲೋ, ಸಾಕಾಗಿ ಹೋಗಿಯೋ ಅಂತ ನನಗೊಂದು ಅನುಮಾನ.)

ನಮ್ಮಲ್ಲೂ ಬಾಗಿಲು ತೆರೆದವರಿದ್ದಾರೆ. 1991ರಲ್ಲಿ ಹಾಂಗ್‌ಕಾಂಗಿನಲ್ಲಿ ಜಿಲ್ ರಾಬಿನ್‌ಸನ್ ತಮ್ಮ ಮ್ಯಾಕ್ಸ್ ಎಂಬ ನಾಯಿಯನ್ನು ಮಕ್ಕಳ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಾಕ್ಟರ್ ಡಾಗ್ ಎಂಬ ಕಾರ್ಯಕ್ರಮ ಶುರುಮಾಡಿದರು. ಅದು ಏಷ್ಯಾದ ಬೇರೆ ದೇಶಗಳಿಗೂ ಹಬ್ಬಿ, ಚೆನ್ನೈನಲ್ಲಿ ಬ್ಲೂ ಕ್ರಾಸ್ ಸಂಸ್ಥೆಯ ಮೂಲಕ ಭಾರತಕ್ಕೂ ಬಂತು. ಮುಂಬೈಯಲ್ಲಿ ಅನಿಮಲ್ ಏಂಜೆಲ್ಸ್ ಎಂಬ ಸಂಸ್ಥೆ ಇದೇ ಕೆಲಸವನ್ನು ವಿಶೇಷ ಅಗತ್ಯದ ಮಕ್ಕಳ ನಡುವೆ ಮಾಡಿತು. ಸಾಗಬೇಕಾದ ದೂರ ಬಹಳ ಇದೆ.

ಸ್ಮೋಕಿ 1957ರ ಫೆಬ್ರವರಿ 21ರಂದು ಸತ್ತಿತು, ಸುಮಾರು 14 ವರ್ಷ ಆಗಿತ್ತು. ವಿನ್ ಅದನ್ನು ಗುಂಡು ತುಂಬುವ ಪೆಟ್ಟಿಗೆಯಲ್ಲಿಟ್ಟು ಹೂಳಿದ. 2005ರ ನವೆಂಬರ್ 11ರಂದು ಆ ಜಾಗದಲ್ಲಿ ಕಂಚಿನ ಪ್ರತಿಮೆ ನಿಂತಿತು, ಸೈನಿಕನ ಹೆಲ್ಮೆಟ್ಟಿನೊಳಗೆ ಕೂತ ಸ್ಮೋಕಿ. ಆಗ ವಿನ್‌ಗೆ 83. ಅವನು ತೀರಿಕೊಂಡದ್ದು 2021ರಲ್ಲಿ, 99ನೇ ವಯಸ್ಸಿನಲ್ಲಿ.

ನಾಯಿಗೆ ಕಲ್ಲು ನಿಲ್ಲಿಸೋದು ನಮಗೇನು ಹೊಸದಲ್ಲ ಬಿಡಿ. ಮದ್ದೂರಿನ ಹತ್ತಿರದ ಆತಕೂರಿನ ಶಾಸನ ನಿಮಗೆ ಗೊತ್ತೇ ಇದೆ, ಕ್ರಿ.ಶ. 949-50ರದ್ದು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯ ಜತೆ ಸೆಣಸಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು, ಕಲ್ಲಿಗೆ ಭೂಮಿ ದಾನ, ಪೂಜೆಯ ಕಟ್ಟಳೆ. ಹೊಡೆದಾಡಿದ ನಾಯಿಗೆ ಸಾವಿರ ವರ್ಷದ ಹಿಂದೆಯೇ ಕಲ್ಲಾಯಿತು. ಸ್ಮೋಕಿಯ ವಿಷಯದಲ್ಲೂ ಜನ ಇವತ್ತಿಗೂ ಮೊದಲು ಹೇಳೋದು ಪೈಪಿನ ಕಥೆಯನ್ನೇ. ಆ ಎರಡು ನಿಮಿಷಕ್ಕೆ ಸಿಕ್ಕ ಹೆಸರು 12 ವರ್ಷದ ವಾರ್ಡು ಸುತ್ತಾಟಕ್ಕೆ ಸಿಗಲು ಬಹಳ ಕಾಲ ಹಿಡಿಯಿತು.

ಒಂದು ವಿಷಯ ಉಳಿಯಿತು. ಆ ಜಾತಿಯ ನಾಯಿ ನ್ಯೂ ಗಿನಿಯ ಗುಂಡಿಗೆ ಹೇಗೆ ಬಂತು ಅನ್ನೋ ಒಗಟು. ಸ್ಮೋಕಿ ಸತ್ತ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ವಿನ್‌ಗೆ ಒಂದು ಫೋನ್ ಬಂತು. ಮಾತಾಡಿದಾಕೆ ಯುದ್ಧದಲ್ಲಿ ಸೈನ್ಯದಲ್ಲಿದ್ದವರು. 1943ರ ಕ್ರಿಸ್‌ಮಸ್ ಹೊತ್ತಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಆಕೆಯನ್ನು ಮದುವೆಯಾಗಲಿದ್ದವರು ಒಂದು ಯಾರ್ಕ್‌ಶೈರ್ ಟೆರಿಯರ್ ಮರಿ ಕೊಡಿಸಿದ್ದರು, ನ್ಯೂ ಗಿನಿಯಲ್ಲಿ ಅದು ಕಳೆದುಹೋಯಿತು ಅಂದರು. ಅದೇ ಇದು ಅಂತ ಸಾಬೀತು ಮಾಡುವುದು ಆಗ ಹೇಗೂ ಸಾಧ್ಯವಿರಲಿಲ್ಲ. ಸೈನ್ಯದಲ್ಲಿ ಆಕೆಯ ಕೆಲಸ ನರ್ಸ್.